ಬೆಕ್ಕಿನ ಮೈ ಬಾಚುವ ಕ್ರಮ: ಪರ್ಶಿಯನ್‌ಗೂ ಬೇಕು, ನಾಟಿ ಬೆಕ್ಕಿಗೂ ಬೇಕು

ಬೆಕ್ಕು ದಿನವಿಡೀ ಮೈ ನೆಕ್ಕಿಕೊಳ್ಳುತ್ತಲೇ ಇರುತ್ತದಲ್ಲ, ನಾವು ಬೇರೆ ಬಾಚಬೇಕೆ ಎಂದು ಕೇಳುವವರಿದ್ದಾರೆ. ಬಾಚಲೇಬೇಕು. ಅದರ ನಾಲಿಗೆಯ ಮೇಲಿನ ಸಣ್ಣ ಮುಳ್ಳುಗಳೆಲ್ಲ ಗಂಟಲಿನ ಕಡೆಗೆ ಬಾಗಿರುತ್ತವೆ. ಅವಕ್ಕೆ ಸಿಕ್ಕಿದ ಕೂದಲನ್ನು ಉಗುಳಲು ಬರುವುದಿಲ್ಲ, ನುಂಗಬೇಕಾಗುತ್ತದೆ. ಹೆಚ್ಚಿನದು ಮಲದಲ್ಲಿ ಹೋಗುತ್ತದೆ. ಉಳಿದದ್ದು ಹೊಟ್ಟೆಯಲ್ಲಿ ಉಂಡೆಗಟ್ಟಿ ವಾಂತಿಯಾಗುತ್ತದೆ. ಅಪರೂಪಕ್ಕೆ ಕರುಳಿನಲ್ಲಿ ಸಿಕ್ಕಿಕೊಂಡು ಆಪರೇಷನ್ನಿಗೂ ದಾರಿಯಾಗುತ್ತದೆ. ಬಾಚಣಿಗೆಗೆ ಬಂದಷ್ಟು ಕೂದಲು ಹೊಟ್ಟೆಗೆ ಹೋಗುವುದು ತಪ್ಪಿತು.

ಇದಕ್ಕಿಂತ ದೊಡ್ಡ ಲಾಭ ಇನ್ನೊಂದಿದೆ. ಬೆಕ್ಕು ತನ್ನ ನೋವನ್ನು ಮುಚ್ಚಿಡುವ ಪ್ರಾಣಿ. ವಾರಕ್ಕೊಮ್ಮೆಯಾದರೂ ಮೈಯೆಲ್ಲ ಕೈಯಾಡಿಸುವವರಿಗೆ ಗಂಟು, ಗಾಯ, ಚಿಗಟ, ತೂಕ ಇಳಿದದ್ದು ಬೇಗ ಗೊತ್ತಾಗುತ್ತದೆ.

ಗಿಡ್ಡ ಕೂದಲಿನ ನಾಟಿ ಬೆಕ್ಕಿಗೆ ವಾರಕ್ಕೆ ಒಂದೆರಡು ಸಲ, ಐದರಿಂದ ಹತ್ತು ನಿಮಿಷ ಸಾಕು. ಪರ್ಶಿಯನ್ ಅಥವಾ ಉದ್ದ ಕೂದಲಿನ ಮಿಶ್ರತಳಿಯಾದರೆ ದಿನವೂ ಬಾಚಬೇಕು. ಎರಡು ದಿನ ಬಿಟ್ಟರೂ ಕಂಕುಳಲ್ಲಿ ಗಂಟು ಶುರುವಾಗಬಹುದು. ಉದ್ದ ಕೂದಲಿಗೆ ಒಂದು ಕಡೆ ಅಗಲ ಹಲ್ಲು, ಇನ್ನೊಂದು ಕಡೆ ಒತ್ತು ಹಲ್ಲಿರುವ ಸ್ಟೀಲ್ ಬಾಚಣಿಗೆ ಕೊಳ್ಳಿ. ಗಿಡ್ಡ ಕೂದಲಿಗೆ ರಬ್ಬರ್ ಬ್ರಷ್ ಸಾಕು. ತಂತಿಯ ಸ್ಲಿಕರ್ ಬ್ರಷ್ ಬಳಸುವುದಾದರೆ ಮೊದಲು ನಿಮ್ಮ ಮುಂಗೈ ಒಳಭಾಗದ ಮೇಲೆ ಎಳೆದು ನೋಡಿ. ನಿಮಗೆ ಚುಚ್ಚುವಷ್ಟು ಒತ್ತಿದರೆ ಬೆಕ್ಕಿಗೂ ಚುಚ್ಚುತ್ತದೆ.

ಊಟ ಮುಗಿಸಿ ತೂಕಡಿಸುವ ಹೊತ್ತು ನೋಡಿಕೊಳ್ಳಿ. ಕಾಲು ಜಾರದಂತೆ ತೊಡೆಯ ಮೇಲೋ ಮೇಜಿನ ಮೇಲೋ ಟವೆಲ್ ಹಾಸಿ. ಮೊದಲು ಬರಿಗೈಯಲ್ಲಿ ಸವರಿ, ಆಮೇಲೆ ಕೆನ್ನೆ, ಕತ್ತು, ಬೆನ್ನು ಹೀಗೆ ಕೂದಲು ಮಲಗಿರುವ ದಿಕ್ಕಿಗೇ ಬಾಚಿ. ಹೊಟ್ಟೆ, ತೊಡೆಸಂದು, ಬಾಲ ಕೊನೆಗೆ. ಬಾಲ ಪಟಪಟನೆ ಬಡಿಯತೊಡಗಿದರೆ, ಕಿವಿ ಹಿಂದಕ್ಕೆ ಮಡಚಿದರೆ ಅಲ್ಲಿಗೇ ನಿಲ್ಲಿಸಿ, ಇಷ್ಟದ ತಿಂಡಿ ಒಂದು ಚೂರು ಕೊಡಿ. ಹೊಸದರಲ್ಲಿ ಎರಡು ನಿಮಿಷ ಆದರೂ ಸಾಕು. ಹಿಡಿದಿಟ್ಟು ಬಾಚಿದರೆ ಮರುದಿನ ಬಾಚಣಿಗೆ ಕಂಡೊಡನೆ ಮಂಚದಡಿ ಸೇರುತ್ತದೆ.

ಗಂಟು ಬಿದ್ದರೆ

ಕಿವಿಯ ಹಿಂದೆ, ಕಂಕುಳು, ಹೊಟ್ಟೆ, ಹಿಂದೊಡೆ: ಗಂಟು ಹೆಚ್ಚಾಗಿ ಬೀಳುವುದು ಇಲ್ಲೇ. ಗಂಟಿದೆ ಎಂದು ಸ್ನಾನ ಮಾಡಿಸಬೇಡಿ, ನೀರು ಬಿದ್ದರೆ ಅದು ಇನ್ನೂ ಬಿಗಿಯುತ್ತದೆ. ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಬೆರಳಲ್ಲಿ ಎಳೆ ಎಳೆಯಾಗಿ ಬಿಡಿಸಿ. ಬುಡವನ್ನು ಎರಡು ಬೆರಳಲ್ಲಿ ಹಿಡಿದುಕೊಂಡು ತುದಿಯಿಂದ ಬುಡದ ಕಡೆಗೆ ಸ್ವಲ್ಪ ಸ್ವಲ್ಪವೇ ಬಾಚುತ್ತ ಬನ್ನಿ. ಹೀಗೆ ಮಾಡಿದರೆ ಚರ್ಮ ಎಳೆಯುವುದಿಲ್ಲ.

ಕತ್ತರಿ ಮಾತ್ರ ಹಾಕಲೇಬೇಡಿ. ಬೆಕ್ಕಿನ ಚರ್ಮ ಬಹಳ ತೆಳು, ಗಂಟು ಎತ್ತಿದಾಗ ಅದರೊಂದಿಗೆ ಚರ್ಮವೂ ಮೇಲೆದ್ದು ಬರುತ್ತದೆ. ಕೂದಲೆಂದು ಕತ್ತರಿಸಿದ್ದು ಚರ್ಮವಾಗಿ, ಹೊಲಿಗೆ ಹಾಕಿಸಬೇಕಾಗುತ್ತದೆ. ಚರ್ಮಕ್ಕೆ ಅಂಟಿದ ಗಟ್ಟಿ ಗಂಟನ್ನು ವೆಟ್ (ಪಶುವೈದ್ಯರು) ಅಥವಾ ಸಾಕುಪ್ರಾಣಿಗಳ ಕೂದಲು ಕತ್ತರಿಸುವ ಅನುಭವಿ ಗ್ರೂಮರ್ ಟ್ರಿಮ್ಮರ್‌ನಲ್ಲಿ ತೆಗೆಯಲಿ.

ಬಾಚುವಾಗ ಏನು ನೋಡಬೇಕು

ಬಾಲದ ಬುಡದಲ್ಲಿ ಕರಿ ಪುಡಿಯಂಥದ್ದು ಸಿಕ್ಕರೆ ಒದ್ದೆ ಟಿಶ್ಯೂ ಮೇಲೆ ಉದುರಿಸಿ. ಕೆಂಪು-ಕಂದು ಬಣ್ಣ ಬಿಟ್ಟರೆ ಅದು ಧೂಳಲ್ಲ, ಚಿಗಟದ ಹಿಕ್ಕೆ, ಅಂದರೆ ಜೀರ್ಣವಾದ ರಕ್ತ. ಹಾಗೆಂದು ಮನೆಯಲ್ಲಿರುವ ನಾಯಿಯ ಔಷಧಿಯನ್ನು ಬೆಕ್ಕಿಗೆ ಹಾಕಬೇಡಿ. ನಾಯಿಗೆ ಬೆನ್ನಿನ ಮೇಲೆ ಬಿಡುವ ಎಷ್ಟೋ ಔಷಧಿಗಳಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುತ್ತದೆ. ಬೆಕ್ಕಿನ ಯಕೃತ್ತು ಅದನ್ನು ಸರಿಯಾಗಿ ಒಡೆಯಲಾರದು; ನಡುಕ, ಫಿಟ್ಸ್ ಬಂದು ಜೀವವೇ ಹೋಗಬಹುದು. ಟೀ ಟ್ರೀ ಎಣ್ಣೆಯೂ ಬೆಕ್ಕಿಗೆ ವಿಷವೇ.

ದುಂಡಗೆ ಕೂದಲು ಉದುರಿ ಹೊಟ್ಟು ಎದ್ದಿದ್ದರೆ ಹುಳುಕಡ್ಡಿ ಇರಬಹುದು. ಕರಾವಳಿ, ಮಲೆನಾಡಿನ ಮಳೆಗಾಲದ ತೇವದಲ್ಲಿ ಇದನ್ನು ವಿಶೇಷವಾಗಿ ಗಮನಿಸಿ. ಮನುಷ್ಯರಿಗೂ ಹತ್ತುವ ಶಿಲೀಂಧ್ರವಾದ್ದರಿಂದ ಆ ಬಾಚಣಿಗೆಯನ್ನು ಇನ್ನೊಂದು ಬೆಕ್ಕಿಗೆ ಬಳಸಬೇಡಿ, ಬೆಕ್ಕನ್ನು ವೆಟ್‌ಗೆ ತೋರಿಸಿ. ಕಿವಿಯೊಳಗೆ ಕಾಫಿಪುಡಿಯಂಥ ಕೊಳೆ ಕಂಡರೆ ಕಿವಿನುಸಿಯ ಗುಮಾನಿ. ಹೆಣ್ಣು ಬೆಕ್ಕಿನ ಮೊಲೆಗಳ ಸಾಲಿನಲ್ಲಿ ಅಕ್ಕಿಕಾಳಿನಷ್ಟು ಗಂಟು ಕೈಗೆ ಸಿಕ್ಕರೂ ಕಾಯಬೇಡಿ.

ಚೊಕ್ಕವಾಗಿದ್ದ ಬೆಕ್ಕಿನ ಸೊಂಟದ ಮೇಲೆ ಮಾತ್ರ ಜಿಡ್ಡು, ಹೊಟ್ಟು ಸೇರಿದರೆ ಅದು ಸೋಮಾರಿತನವಲ್ಲ. ಬೊಜ್ಜಿನಿಂದಲೋ ಕೀಲುನೋವಿನಿಂದಲೋ ಅಲ್ಲಿಗೆ ಬಾಯಿ ಎಟುಕುತ್ತಿಲ್ಲ. ಹಲ್ಲುನೋವಿದ್ದರೂ ನೆಕ್ಕುವುದು ಕಡಿಮೆಯಾಗುತ್ತದೆ.

ಎರಡು ಮೂರು ವಾರಕ್ಕೊಮ್ಮೆ ಉಗುರನ್ನೂ ನೋಡಿ. ಪಾದ ಮೆಲ್ಲಗೆ ಒತ್ತಿದರೆ ಉಗುರು ಹೊರಬರುತ್ತದೆ. ಒಳಗಿನ ಗುಲಾಬಿ ಭಾಗದಲ್ಲಿ ರಕ್ತನಾಳ, ನರ ಇರುವುದರಿಂದ ಅದನ್ನು ಮುಟ್ಟದೆ ತುದಿಯ ಒಂದೆರಡು ಮಿಲಿಮೀಟರ್ ಮಾತ್ರ ಕತ್ತರಿಸಿ. ಮುಂಗಾಲಿನ ಹೆಬ್ಬೆರಳ ಉಗುರು ನೆಲಕ್ಕೆ ತಾಗುವುದಿಲ್ಲ, ಸವೆಯುವುದೂ ಕಡಿಮೆ. ಮುದಿ ಬೆಕ್ಕುಗಳಲ್ಲಿ ಅದು ಬಾಗಿ ಅಂಗಾಲಿಗೇ ಚುಚ್ಚಿಕೊಳ್ಳುತ್ತದೆ. ರಕ್ತ ಬಂದರೆ ಕಾರ್ನ್‌ಫ್ಲೋರ್ ಹಚ್ಚಿ ಕೆಲ ನಿಮಿಷ ಒತ್ತಿ ಹಿಡಿಯಿರಿ.

ದಿನವೂ ಬಾಚುತ್ತಿದ್ದರೂ ಬೆಕ್ಕು ಮತ್ತೆ ಮತ್ತೆ ಓಕರಿಸಿ ಏನೂ ಹೊರಬಾರದಿದ್ದರೆ, ಒಂದು ದಿನ ಊಟ ಬಿಟ್ಟರೆ ಅಥವಾ ಮಲ ನಿಂತರೆ ಅದೇ ದಿನ ಆಸ್ಪತ್ರೆಗೆ ಒಯ್ಯಿರಿ. ಕುಕ್ಕರಗಾಲಲ್ಲಿ ಕೂತು, ಕತ್ತು ಮುಂದೆ ಚಾಚಿ ಕೆಮ್ಮುವುದನ್ನು ಎಷ್ಟೋ ಮಂದಿ ಕೂದಲುಂಡೆ ಎಂದುಕೊಳ್ಳುತ್ತಾರೆ, ಆದರೆ ಅದು ಆಸ್ತಮಾ ಆಗಿರಬಹುದು. ಅಂಥ ಹೊತ್ತಿನ ವಿಡಿಯೋ ಮಾಡಿಟ್ಟುಕೊಂಡರೆ ವೆಟ್‌ಗೆ ಎರಡರ ನಡುವಿನ ವ್ಯತ್ಯಾಸ ಹಿಡಿಯಲು ಸುಲಭವಾಗುತ್ತದೆ.