ಮಲೆನಾಡಿನ ಮನೆಗೊಂದು ಸ್ವಂತ ಫೋಟೊ ಸರ್ವರ್

ಗೂಗಲ್ ಫೋಟೋಸ್‌ನ ಮಿತಿಯಿಲ್ಲದ ಉಚಿತ ಸಂಗ್ರಹ 2021ರ ಜೂನ್ 1ಕ್ಕೆ ನಿಂತಿತು. ಅಲ್ಲಿಂದೀಚೆಗೆ 15 ಜಿಬಿ ತುಂಬಿದವರು ಒಂದೋ ಬಾಡಿಗೆ ಕಟ್ಟಬೇಕು, ಇಲ್ಲವೇ ಹಳೆಯ ಚಿತ್ರಗಳನ್ನು ಅಳಿಸುತ್ತ ಹೋಗಬೇಕು. ಅದು ಬೇಡವೆನ್ನುವವರು ಮನೆಯಲ್ಲೇ ಸರ್ವರ್, ಅಂದರೆ ಚಿತ್ರಗಳನ್ನು ಕೂಡಿಟ್ಟು ಬೇಕೆಂದಾಗ ಒದಗಿಸುವ ಕಂಪ್ಯೂಟರ್, ಇಟ್ಟುಕೊಳ್ಳಬಹುದು. ಆದರೆ ಇದರ ಬಗ್ಗೆ ಸಿಗುವ ಮಾರ್ಗದರ್ಶನದಲ್ಲಿ ಹೆಚ್ಚಿನದು ಕರೆಂಟು ಮತ್ತು ಇಂಟರ್ನೆಟ್ ಸದಾ ಇರುತ್ತವೆ ಎಂಬ ನಂಬಿಕೆಯ ಮೇಲೆ ಬರೆದದ್ದು. ಮಳೆಗಾಲದಲ್ಲಿ ಮರ ಬಿದ್ದು ಲೈನ್ ಹರಿದರೆ ದಿನಗಟ್ಟಲೆ ಕತ್ತಲೆಯಲ್ಲಿರುವ ತೀರ್ಥಹಳ್ಳಿ, ಹೊಸನಗರ ಕಡೆಯ ತೋಟದ ಮನೆಗಳಿಗೆ, ಇವೆರಡೂ ಇಲ್ಲದಾಗ ಕೆಡದ, ಮರಳಿ ಬಂದಾಗ ಬಿಟ್ಟಲ್ಲಿಂದ ಮುಂದುವರಿಯುವ ವ್ಯವಸ್ಥೆ ಬೇಕು.

ಬಹಳ ಜನ ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್ ಕೊಳ್ಳಲು ಹೇಳುತ್ತಾರೆ. ಮಲೆನಾಡಿನವರಿಗೆ ನಾನು ಹಾಗೆ ಹೇಳಲಾರೆ. ಅದಕ್ಕೆ ಬ್ಯಾಟರಿ ಇಲ್ಲ, ಮೆಮೊರಿ ಕಾರ್ಡಿಗೆ ಮಾಹಿತಿ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಕಾರ್ಡಿನಲ್ಲಿರುವುದೆಲ್ಲ ಹಾಳಾಗುವ ಸಂಭವವಿದೆ. ಮಕ್ಕಳು ಓದಿ ಮುಗಿಸಿ ಬಿಟ್ಟುಹೋದ ಹಳೆಯ ಲ್ಯಾಪ್‌ಟಾಪ್ ಇದ್ದರೆ ಅದೇ ಒಳ್ಳೆಯದು, ಏಕೆಂದರೆ ಅದರ ಬ್ಯಾಟರಿ ಅರ್ಧ ಗಂಟೆ ತಡೆದರೂ ಯಂತ್ರ ಕ್ರಮವಾಗಿ ಶಟ್‌ಡೌನ್ ಆಗಲು ಸಮಯ ಸಿಗುತ್ತದೆ. ಬ್ಯಾಟರಿ ಉಬ್ಬಿದ್ದರೆ ಮಾತ್ರ ಬೇರೆ ಹಾಕಿಸದೆ ಬಳಸಬಾರದು. ವಿಂಡೋಸ್ ಬದಲು ಡೆಬಿಯನ್ ಎಂಬ ಉಚಿತ ಲಿನಕ್ಸ್ ಕಾರ್ಯಾಚರಣೆ ವ್ಯವಸ್ಥೆ ಹಾಕಿ, ಮುಚ್ಚಳ ಮುಚ್ಚಿದರೂ ನಿದ್ರೆಗೆ ಹೋಗದಂತೆ ಮತ್ತು ಚಾರ್ಜ್ ತೀರಾ ಇಳಿದಾಗ ತಾನೇ ಶಟ್‌ಡೌನ್ ಆಗುವಂತೆ ಸೆಟ್ಟಿಂಗ್ ಬದಲಿಸಿ. ಕರೆಂಟು ಬಂದೊಡನೆ ಆನ್ ಆಗುವ ಸೌಲಭ್ಯ ಕೆಲವು ಲ್ಯಾಪ್‌ಟಾಪ್‌ಗಳ ಬಯೋಸ್‌ನಲ್ಲಿ (ಯಂತ್ರದ ಮೂಲ ಸೆಟ್ಟಿಂಗ್‌ಗಳಲ್ಲಿ) ಇರುತ್ತದೆ. ಇಲ್ಲದಿದ್ದರೆ ಮನೆಯಲ್ಲಿದ್ದವರು ಬಟನ್ ಒತ್ತಬೇಕಾಗುತ್ತದೆ.

ಫೋನಿನ ಚಿತ್ರಗಳು ಲ್ಯಾಪ್‌ಟಾಪ್ ಸೇರಲು ಸಿಂಕ್‌ಥಿಂಗ್ ಎಂಬ ಮುಕ್ತ ತಂತ್ರಾಂಶ ಸಾಕು. ಆಂಡ್ರಾಯ್ಡ್‌ಗಿದ್ದ ಅದರ ಅಧಿಕೃತ ಆ್ಯಪ್ 2024ರ ಡಿಸೆಂಬರ್‌ನಲ್ಲಿ ನಿಂತಿದ್ದರಿಂದ ಮುಕ್ತ ಆ್ಯಪ್‌ಗಳ ಭಂಡಾರವಾದ ಎಫ್-ಡ್ರಾಯ್ಡ್‌ನಲ್ಲಿ ಅದರ ಕವಲಾದ ಸಿಂಕ್‌ಥಿಂಗ್-ಫೋರ್ಕ್ ಹುಡುಕಿ ಹಾಕಿಕೊಳ್ಳಿ. ಲ್ಯಾಪ್‌ಟಾಪ್‌ನ ಪರದೆಯಲ್ಲಿ ಕಾಣುವ ಕ್ಯೂಆರ್ ಕೋಡನ್ನು ಫೋನಿನಿಂದ ಸ್ಕ್ಯಾನ್ ಮಾಡಿ, ಕ್ಯಾಮೆರಾ ಫೋಲ್ಡರನ್ನು ಫೋನಿನಲ್ಲಿ ‘ಸೆಂಡ್ ಓನ್ಲಿ’ ಎಂದೂ ಲ್ಯಾಪ್‌ಟಾಪ್‌ನಲ್ಲಿ ‘ರಿಸೀವ್ ಓನ್ಲಿ’ ಎಂದೂ ಹೊಂದಿಸಿ. ಅನಂತರದ ಹೆಜ್ಜೆಯನ್ನು ಮರೆಯುವಂತಿಲ್ಲ: ಫೋನಿನಲ್ಲಿ ಚಿತ್ರ ಅಳಿಸಿದರೆ ಲ್ಯಾಪ್‌ಟಾಪ್‌ನಲ್ಲೂ ಅದು ಅಳಿದುಹೋಗುತ್ತದೆ, ಸಿಂಕ್ ಎಂಬುದರ ಸ್ವಭಾವವೇ ಅದು. ಆದ್ದರಿಂದ ಲ್ಯಾಪ್‌ಟಾಪ್ ಕಡೆಯ ಫೋಲ್ಡರಿಗೆ ‘ಫೈಲ್ ವರ್ಷನಿಂಗ್’ನಲ್ಲಿ ‘ಟ್ರ್ಯಾಶ್ ಕ್ಯಾನ್’ ಆರಿಸಿ, ದಿನಗಳ ಸಂಖ್ಯೆಯನ್ನು 0 ಎಂದಿಟ್ಟರೆ ಅಳಿಸಿದ ಪ್ರತಿಯೂ ಪ್ರತ್ಯೇಕ ಜಾಗದಲ್ಲಿ ಉಳಿಯುತ್ತದೆ. ಫೋನಿನ ಬ್ಯಾಟರಿ ಆಪ್ಟಿಮೈಸೇಶನ್ ಪಟ್ಟಿಯಿಂದ ಈ ಆ್ಯಪನ್ನು ಹೊರಗಿಡದಿದ್ದರೆ ಹಲವು ಫೋನುಗಳು ಅದನ್ನು ಸದ್ದಿಲ್ಲದೆ ನಿಲ್ಲಿಸಿಬಿಡುತ್ತವೆ.

ಸಿಂಕ್‌ಥಿಂಗನ್ನು ನಾನು ಮೆಚ್ಚುವುದು ಒಂದು ಕಾರಣಕ್ಕೆ. ಫೈಬರ್ ಕಡಿದು ಇಂಟರ್ನೆಟ್ ಇಲ್ಲದಿದ್ದರೂ ಇನ್ವರ್ಟರ್‌ನಲ್ಲಿ ವೈಫೈ ರೂಟರ್ ಓಡುತ್ತಿದ್ದರೆ ಫೋನು ಮತ್ತು ಲ್ಯಾಪ್‌ಟಾಪ್ ಮನೆಯೊಳಗೇ ಒಂದನ್ನೊಂದು ಪತ್ತೆಹಚ್ಚಿ ಕೆಲಸ ಮುಂದುವರಿಸುತ್ತವೆ. ಬೆಂಗಳೂರಿನಲ್ಲಿರುವ ಮಗಳು ಊರಿನ ಚಿತ್ರಗಳನ್ನು ನೋಡಬೇಕೆಂದರೆ ಮಾತ್ರ ಹೆಚ್ಚಿನ ಏರ್ಪಾಡು ಬೇಕು. ರೂಟರಿನ ಸೆಟ್ಟಿಂಗ್ ಪುಟದಲ್ಲಿ ವ್ಯಾನ್ (WAN) ವಿಳಾಸವನ್ನು, ಅಂದರೆ ಇಂಟರ್ನೆಟ್ ಕಂಪನಿ ರೂಟರಿಗೆ ಕೊಟ್ಟ ವಿಳಾಸವನ್ನು, ನೋಡಿ. ಅದರ ಮೊದಲ ಸಂಖ್ಯೆ 100 ಆಗಿದ್ದು ಎರಡನೆಯದು 64ರಿಂದ 127ರೊಳಗೆ ಇದ್ದರೆ ಒಂದೇ ಸಾರ್ವಜನಿಕ ವಿಳಾಸವನ್ನು ನೀವು ಇತರ ಗ್ರಾಹಕರೊಂದಿಗೆ ಹಂಚಿಕೊಂಡಿದ್ದೀರಿ ಎಂದರ್ಥ, ಹೊರಗಿನಿಂದ ನೇರ ಸರ್ವರಿಗೆ ದಾರಿ ತೆರೆಯುವ ಪೋರ್ಟ್ ಫಾರ್ವರ್ಡಿಂಗ್‌ಗೆ ಹೆಣಗಿ ಫಲವಿಲ್ಲ. ದೂರದ ಸಾಧನಗಳನ್ನು ಒಂದೇ ಖಾಸಗಿ ಜಾಲದಲ್ಲಿ ಬೆಸೆಯುವ ಟೇಲ್‌ಸ್ಕೇಲ್ ಬಳಸಿದರೆ ಆ ತೊಡಕು ತಪ್ಪುತ್ತದೆ, ಸರ್ವರನ್ನು ಬಯಲಿಗೆ ತೆರೆದಿಡುವ ಅಪಾಯವೂ ಇರುವುದಿಲ್ಲ. ಚಿತ್ರಗಳನ್ನು ದಿನಾಂಕ, ಮುಖಗಳ ಪ್ರಕಾರ ನೋಡಲು ಇಮಿಚ್ ಎಂಬ ತಂತ್ರಾಂಶ ಹಾಕಬಹುದು, ಆದರೆ ಲ್ಯಾಪ್‌ಟಾಪ್‌ನಲ್ಲಿ 8 ಜಿಬಿ ರ‍್ಯಾಮ್ ಇಲ್ಲದಿದ್ದರೆ ಆ ಆಸೆ ಬಿಡುವುದು ಲೇಸು.

ಇಷ್ಟಾದವರಿಗೆ ಫೋನಿಗೂ ಲಿನಿಯೇಜ್‌ಓಎಸ್ (ಕಂಪನಿಯದರ ಬದಲು ಹಾಕಬಹುದಾದ ಮುಕ್ತ ಆಂಡ್ರಾಯ್ಡ್) ಹಾಕುವ ಉಮೇದು ಬರುತ್ತದೆ. ಯುಪಿಐ ಮತ್ತು ಬ್ಯಾಂಕಿನ ಆ್ಯಪ್‌ಗಳಿರುವ ಫೋನನ್ನು ಮುಟ್ಟಬೇಡಿ. ಅದನ್ನು ಹಾಕಲು ಫೋನಿನ ಬೂಟ್‌ಲೋಡರ್ ಎಂಬ ಬೀಗವನ್ನು ತೆರೆಯಬೇಕು, ಹಾಗೆ ತೆರೆದ ಫೋನಿನಲ್ಲಿ ಅಂಥ ಆ್ಯಪ್‌ಗಳು ಇಂದು ಓಡಿ ನಾಳೆ ನಿಂತುಹೋಗಬಹುದು. ಕಂಪನಿಯಿಂದ ಅಪ್‌ಡೇಟ್ ನಿಂತುಹೋದ ಹಳೆಯ ಫೋನಿಗೆ, ಅದೇ ಮಾಡೆಲ್ ಲಿನಿಯೇಜ್‌ಓಎಸ್‌ನ ಅಧಿಕೃತ ಪಟ್ಟಿಯಲ್ಲಿದ್ದರೆ, ಧಾರಾಳವಾಗಿ ಹಾಕಿ. ಬೂಟ್‌ಲೋಡರ್ ತೆರೆದಾಗ ಫೋನಿನಲ್ಲಿರುವುದೆಲ್ಲ ಅಳಿಸಿಹೋಗುವುದರಿಂದ ಚಿತ್ರಗಳು ಲ್ಯಾಪ್‌ಟಾಪ್ ಸೇರಿವೆಯೇ ಎಂದು ಮೊದಲು ತೆರೆದು ನೋಡಿಕೊಳ್ಳಿ.

ಇನ್ನು ಸಿಡಿಲಿನ ವಿಷಯ. ಏಪ್ರಿಲ್–ಮೇ ತಿಂಗಳ ಗುಡುಗು ಮಳೆಯಲ್ಲಿ ಸ್ವಿಚ್ ಆರಿಸಿದರಷ್ಟೇ ಸಾಲದು, ಅಡಾಪ್ಟರನ್ನೇ ಸಾಕೆಟ್ಟಿನಿಂದ ಕೀಳಬೇಕು. ಫೈಬರ್‌ನ ಎಳೆ ಗಾಜಿನದಾದರೂ ಅದಕ್ಕೆ ಆಸರೆಯಾಗಿ ಕೇಬಲ್ಲಿನಲ್ಲಿರುವ ತಂತಿ ಉಕ್ಕಿನದಿರಬಹುದು, ಸಿಡಿಲಿನ ಹೊಡೆತ ಅದರಲ್ಲೂ ಹರಿಯಬಹುದು. ರೂಟರಿನ ಅಡಾಪ್ಟರಿನಿಂದ ಬಂದ ಹೊಡೆತ ಲ್ಯಾನ್ ಕೇಬಲ್ ಮೂಲಕ ಲ್ಯಾಪ್‌ಟಾಪ್‌ಗೂ ತಲುಪಬಹುದು. ವೇಗ ಸ್ವಲ್ಪ ತಗ್ಗಿದರೂ ಲ್ಯಾಪ್‌ಟಾಪನ್ನು ವೈಫೈನಲ್ಲೇ ಜೋಡಿಸಿಡಿ ಎನ್ನುವುದು ಇದಕ್ಕಾಗಿಯೇ.

ಇಷ್ಟೆಲ್ಲ ಎಚ್ಚರ ವಹಿಸಿದರೂ ಒಂದೇ ಮನೆಯಲ್ಲಿರುವ ಪ್ರತಿ ಒಂದೇ ಪ್ರತಿ. ಎರಡು ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಇಟ್ಟುಕೊಂಡು, ಚಿತ್ರಗಳನ್ನು ಅವಕ್ಕೆ ನಕಲು ಮಾಡಿ, ಒಂದನ್ನು ಶಿವಮೊಗ್ಗದಲ್ಲಿರುವ ನೆಂಟರ ಮನೆಯಲ್ಲಿ, ಥಂಡಿ ತಾಕದಂತೆ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇರಿಸಿ, ಪೇಟೆಗೆ ಹೋದಾಗ ಅದಲುಬದಲು ಮಾಡಿಕೊಳ್ಳಿ. ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದ್ದರೆ ಅದರ ಪಾಸ್‌ವರ್ಡನ್ನು ಕಾಗದದಲ್ಲಿ ಬರೆದು ಮನೆಯ ದಸ್ತಾವೇಜುಗಳ ಜೊತೆ ಇಡಿ, ಡಬ್ಬಿಯೊಳಗಲ್ಲ.