ಮಿಕ್ಸರ್‌ನ ಧ್ವನಿ ನೇರವಾಗಿ ಮೊಬೈಲಿಗೆ

ಮೈಸೂರಿನ ವಿ.ವಿ. ಮೊಹಲ್ಲಾ ಎಂಟನೇ ಕ್ರಾಸ್‌ನ ಗಣಪತಿ ಪೆಂಡಾಲ್‌ನಂಥ ಕಡೆ ಮೊಬೈಲ್ ಎತ್ತಿ ಹಿಡಿದು ಕಛೇರಿ ಮುದ್ರಿಸಿಕೊಂಡವರಿಗೆ ಮನೆಯಲ್ಲಿ ಕೇಳಿಸುವುದು ಮೃದಂಗದ ತನಿ ಆವರ್ತನಕ್ಕಿಂತ ಹೆಚ್ಚಾಗಿ ಹಿಂದಿನ ಸಾಲಿನ ಹರಟೆ. ಮೈಕ್‌ಸೆಟ್‌ನವರನ್ನು ಒಪ್ಪಿಸಿ, ಎಲ್ಲ ಮೈಕ್‌ಗಳ ಧ್ವನಿ ಕೂಡಿಸುವ ಮಿಕ್ಸರ್‌ನಿಂದಲೇ ತಂತಿ ಎಳೆಯುವುದು ಮೇಲು. ಆದರೆ ಎರಡೂ ತುದಿಗೆ ಹೆಡ್‌ಫೋನ್ ಪಿನ್ ಇರುವ ಮಾಮೂಲಿ ಆಕ್ಸ್ ಕೇಬಲ್ ಚುಚ್ಚಿದರೆ ಕೆಲಸ ನಡೆಯದು.

ಫೋನಿನ ಮೈಕ್ ಕಿಂಡಿ ನಿರೀಕ್ಷಿಸುವುದು ಕೆಲವೇ ಮಿಲಿವೋಲ್ಟ್‌ಗಳನ್ನು. ಮನೆಯ ಟೇಪ್ ರೆಕಾರ್ಡರ್‌ನಿಂದ ಧ್ವನಿ ಹೊರಬರುವ ಕಿಂಡಿ (ಲೈನ್ ಔಟ್) ಸುಮಾರು 0.3 ವೋಲ್ಟ್ ಕೊಡುತ್ತದೆ, ವೃತ್ತಿಪರ ಮಿಕ್ಸರ್ 1.2 ವೋಲ್ಟ್, ದನಿ ಒಡೆಯದೆ ಇನ್ನೇನಾದೀತು? ಇನ್ನೊಂದು ತೊಡಕೂ ಇದೆ. ಮೈಕ್ ಇದೆಯೇ ಎಂದು ತಿಳಿಯಲು ಫೋನ್ ಆ ತಂತಿಯಲ್ಲಿ ಸಣ್ಣ ಡಿಸಿ ವೋಲ್ಟೇಜ್ ಹಾಯಿಸುತ್ತದೆ. ಎದುರಿಗೆ ಸುಮಾರು 1,000 ಓಮ್‌ಗಿಂತ ಕಡಿಮೆ ರೋಧ ಸಿಕ್ಕರೆ ಹೆಡ್‌ಸೆಟ್‌ನ ಗುಂಡಿ ಒತ್ತಿದರೆಂದು ಭಾವಿಸುವುದುಂಟು.

ಹಾಗಾಗಿ ಮೊದಲು ಫೋನಿನ ಹೆಡ್‌ಫೋನ್ ಕಿಂಡಿಯನ್ನು ಮೈಕ್ ಮತ್ತು ಹೆಡ್‌ಫೋನ್ ಎಂದು ಎರಡಾಗಿ ಬೇರ್ಪಡಿಸುವ ವೈ-ಕೇಬಲ್ ಕೊಳ್ಳಿ. ಮಿಕ್ಸರ್‌ನಲ್ಲಿ ಮುದ್ರಣಕ್ಕೆಂದೇ ಇರುವ ಟೇಪ್ ಔಟ್ ಅಥವಾ ರೆಕ್ ಔಟ್ ಕಿಂಡಿಯ ಎಡ, ಬಲ ಎರಡೂ ಸಿಗ್ನಲ್ ತಂತಿಗಳಿಗೆ ಒಂದೊಂದು 100 ಕಿಲೋಓಮ್ ರೆಸಿಸ್ಟರ್ ಬೆಸೆದು, ಅವುಗಳ ಇನ್ನೊಂದು ತುದಿಗಳನ್ನು ಕೂಡಿಸಿ. ಆ ಕೂಡುಗಂಟಿನಿಂದ 1 ಮೈಕ್ರೋಫ್ಯಾರಡ್ ಕೆಪಾಸಿಟರ್ ಮೂಲಕ 3.5 ಮಿ.ಮೀ. ಪಿನ್ನಿನ ತುದಿಗೆ ತಂತಿ ಹೋಗಲಿ. ಗ್ರೌಂಡ್ ತಂತಿ ಪಿನ್ನಿನ ಬುಡಕ್ಕೆ. ತುದಿ ಮತ್ತು ಬುಡದ ನಡುವೆ 2.2 ಕಿಲೋಓಮ್ ರೆಸಿಸ್ಟರ್ ಹಾಕಿ. ಎದುರಿಗೆ ಮೈಕ್ ಇದೆ ಎಂದು ಫೋನ್ ನಂಬುವುದು ಇದನ್ನು ನೋಡಿಯೇ. ಪಿನ್ ಮೂರು ಭಾಗದ್ದೇ ಇರಲಿ, ನಡುವಿನದು ಖಾಲಿ ಉಳಿಯಲಿ. ಎರಡೇ ಭಾಗದ ಪಿನ್ ಹಾಕಿದರೆ ಕೆಲವು ವೈ-ಕೇಬಲ್‌ಗಳಲ್ಲಿ ಮೈಕ್ ಗ್ರೌಂಡಿಗೆ ಶಾರ್ಟ್ ಆಗುತ್ತದೆ. ಈ ಪಿನ್ನನ್ನು ವೈ-ಕೇಬಲ್‌ನ ಮೈಕ್ ಕಿಂಡಿಗೆ, ವೈ-ಕೇಬಲನ್ನು ಫೋನಿಗೆ ಚುಚ್ಚಿ. ಸಿಗುವುದು ಎಡ, ಬಲ ಬೆರೆತ ಮೋನೊ ಧ್ವನಿ ಮಾತ್ರ. ಗಾಯನ, ಪಿಟೀಲು, ಮೃದಂಗಕ್ಕೆ ಅದು ಧಾರಾಳವಾಗಿ ಸಾಕು.

ಆಂಪ್ಲಿಫೈಯರ್‌ನ ಸ್ಪೀಕರ್ ತಿರುಪುಗಳಿಂದ ಮಾತ್ರ ತಂತಿ ಎಳೆಯಬೇಡಿ. ಪೆಂಡಾಲ್‌ನ ಹಾರ್ನ್ ಲೈನ್‌ನಲ್ಲಿ 100 ವೋಲ್ಟ್‌ವರೆಗೂ ಇರುತ್ತದೆ, ಫೋನ್ ಸುಡುವುದು ಅದರಲ್ಲಿ ಸಣ್ಣ ನಷ್ಟ.

ಹೆಡ್‌ಫೋನ್ ಕಿಂಡಿಯಿಲ್ಲದ ಫೋನಿಗೆ ಈ ಬೆಸುಗೆಯ ಗೊಡವೆ ಬೇಡ. ಲೈನ್ ಇನ್ ಇರುವ ಯುಎಸ್‌ಬಿ ಸೌಂಡ್ ಕಾರ್ಡ್ ಕೊಂಡರೆ ಸ್ಟೀರಿಯೋ ಸಹ ಸಿಗುತ್ತದೆ.

ಮುದ್ರಣದ ವೇಳೆ ಫೋನ್ ಏರೋಪ್ಲೇನ್ ಮೋಡ್‌ನಲ್ಲಿರಲಿ. ಗುಂಯ್ ಎನ್ನುವ ಸದ್ದು ಬಂದರೆ ಚಾರ್ಜರ್ ಕಳಚಿ ನೋಡಿ. ಕಲಾವಿದರು ಶ್ರುತಿ ಸೇರಿಸುವಾಗಲೇ ಒಂದು ಪರೀಕ್ಷೆ ಮಾಡಿ: ಮುದ್ರಣ ಆರಂಭಿಸಿ ಫೋನಿನ ತಳವನ್ನು ಬೆರಳಿನಿಂದ ತಟ್ಟಿ, ಮತ್ತೆ ಕೇಳಿ. ಟಕ್ ಟಕ್ ಎಂದು ಜೋರಾಗಿ ಕೇಳಿಸಿದರೆ ಫೋನ್ ಇನ್ನೂ ತನ್ನ ಒಳಮೈಕನ್ನೇ ಬಳಸುತ್ತಿದೆ. ಪಿನ್ ಪೂರ್ತಿ ಒಳಗೆ ಕೂರುವಂತೆ ಒತ್ತಿ, ಮತ್ತೊಮ್ಮೆ ಪರೀಕ್ಷಿಸಿ.