ಕೀಮೋ ಇಲ್ಲದೆ ಗುಣವಾದ ಹೊಟ್ಟೆಯ ಲಿಂಫೋಮಾ

ಬಯಾಪ್ಸಿ ರಿಪೋರ್ಟಿನಲ್ಲಿ ‘ಮಾಲ್ಟ್ ಲಿಂಫೋಮಾ’ ಎಂದಿತ್ತು, ಅಂದರೆ ಜಠರದ ಒಳಪದರದ ಲಿಂಫ್ ಅಂಗಾಂಶದಲ್ಲಿ (ರೋಗನಿರೋಧಕ ಕಣಗಳ ಗುಂಪಿನಲ್ಲಿ) ಹುಟ್ಟುವ ಒಂದು ಕ್ಯಾನ್ಸರ್. ಹನುಮಂತನಗರದಿಂದ ಬಂದಿದ್ದ ಆ ತಾಯಿಯ ಮಗ ಕೇಳಿದ ಮೊದಲ ಮಾತು, “ಕೀಮೋ ಯಾವಾಗ ಡಾಕ್ಟ್ರೇ?” ನನ್ನ ಕಣ್ಣು ಕೆಳಗಿನ ಸಾಲಿನ ಮೇಲಿತ್ತು: ಜಠರದಲ್ಲಿ ನೆಲೆಸುವ ಹೆಲಿಕೋಬ್ಯಾಕ್ಟರ್ ಪೈಲೋರಿ ಬ್ಯಾಕ್ಟೀರಿಯಾ ಇದೆ. ನನಗೆ ಧೈರ್ಯ ಬಂದದ್ದೇ ಅದರಿಂದ.

ಆರೋಗ್ಯವಾದ ಜಠರದಲ್ಲಿ ಇಂಥ ಲಿಂಫ್ ಅಂಗಾಂಶ ಇರುವುದಿಲ್ಲ. ಪೈಲೋರಿ ವರ್ಷಗಟ್ಟಲೆ ಕೆರಳಿಸಿದರೆ ಅದು ಹುಟ್ಟಿಕೊಳ್ಳುತ್ತದೆ. ಕೆಲವೇ ಕೆಲವರಲ್ಲಿ ಅದೇ ಲಿಂಫೋಮಾ ಆಗುತ್ತದೆ. ಕೆರಳಿಸುವ ಪೈಲೋರಿಯನ್ನೇ ತೆಗೆದರೆ ಲಿಂಫೋಮಾವೂ ಕರಗಬಹುದು. “ಸೌದೆ ಎಳೆದರೆ ಒಲೆ ಆರುತ್ತದಲ್ವಾ ಅಮ್ಮಾ, ಹಾಗೆ” ಎಂದೆ. 1993ರಲ್ಲಿ ವೋದರ್‌ಸ್ಪೂನ್ ಎಂಬ ಸಂಶೋಧಕರು ಮತ್ತು ಸಂಗಡಿಗರು 6 ರೋಗಿಗಳಲ್ಲಿ ಪೈಲೋರಿ ತೆಗೆದಾಗ 5 ಜನರಲ್ಲಿ ಲಿಂಫೋಮಾ ಕರಗಿತ್ತು. ಕಾಯಿಲೆ ಜಠರ ದಾಟಿರದಿದ್ದರೆ ಸುಮಾರು ಮುಕ್ಕಾಲು ಪಾಲು ಜನರಿಗೆ ಇದು ಫಲಿಸುತ್ತದೆ. ಇವರ ಸಿಟಿ ಸ್ಕ್ಯಾನ್, ಎಂಡೋಸ್ಕೋಪಿಕ್ ಅಲ್ಟ್ರಾಸೌಂಡ್ ಎರಡರಲ್ಲೂ ಕಾಯಿಲೆ ಜಠರದಲ್ಲೇ ಇತ್ತು.

ನಮ್ಮಲ್ಲಿ ಕ್ಲಾರಿಥ್ರೋಮೈಸಿನ್ ಎಂಬ ಆಂಟಿಬಯೋಟಿಕ್‌ಗೆ ಬಗ್ಗದ ಪೈಲೋರಿ ಜಾಸ್ತಿ. ಹಾಗಾಗಿ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್, ಜೊತೆಗೆ ಆಸಿಡ್ ತಗ್ಗಿಸುವ ಮಾತ್ರೆ, 14 ದಿನ ಬರೆದುಕೊಟ್ಟೆ. ಚೀಟಿ ಕೊಟ್ಟು ಕಳಿಸಿದರೆ ಸಾಲದು, ಕೂರಿಸಿ ಹೇಳಬೇಕು. ಹಾಲು, ಮೊಸರಿನ ಜೊತೆ ಟೆಟ್ರಾಸೈಕ್ಲಿನ್ ನುಂಗಿದರೆ ಅದು ಮೈಗೆ ಸರಿಯಾಗಿ ಹತ್ತುವುದಿಲ್ಲ. ಮೊಸರನ್ನ ಉಂಡ ಕೂಡಲೇ ಮಾತ್ರೆ ನುಂಗುವ ಅಭ್ಯಾಸ ನಮ್ಮ ಮನೆಗಳಲ್ಲಿ ಸಾಮಾನ್ಯ, ಅದನ್ನು ಬಿಡಿಸಬೇಕು. ಬಿಸ್ಮತ್‌ನಿಂದ ಮಲ ಕಪ್ಪಾಗುತ್ತದೆ, ಬಾಯಿ ಕಹಿ ಕಹಿ ಅನಿಸುತ್ತದೆ. ಮೊದಲೇ ಹೇಳದಿದ್ದರೆ ಜನ ಹೆದರಿ ಕೋರ್ಸ್ ಅರ್ಧಕ್ಕೇ ನಿಲ್ಲಿಸುತ್ತಾರೆ.

ಬ್ಯಾಕ್ಟೀರಿಯಾ ಹೋಯಿತೇ ಎಂದು ನೋಡಲು ಉಸಿರಿನ ಪರೀಕ್ಷೆ ಮಾಡಿಸಿದೆ. ಆಂಟಿಬಯೋಟಿಕ್ ಮುಗಿದು ಕನಿಷ್ಠ 4 ವಾರ ಆಗಿರಬೇಕು, ಆಸಿಡ್ ತಗ್ಗಿಸುವ ಮಾತ್ರೆ ನಿಲ್ಲಿಸಿ 2 ವಾರ ಆಗಿರಬೇಕು. ಇಲ್ಲದಿದ್ದರೆ ಇದ್ದ ಪೈಲೋರಿಯೂ ಇಲ್ಲ ಎಂದು ಬರಬಹುದು. ರಕ್ತದ ಆಂಟಿಬಾಡಿ ಪರೀಕ್ಷೆ ಇಲ್ಲಿ ಸುಮ್ನೆ ದುಡ್ಡು ದಂಡ. ಪೈಲೋರಿ ಹೋದ ಮೇಲೂ ಅದು ಬಹಳ ಕಾಲ ಪಾಸಿಟಿವ್ ಇರುತ್ತದೆ.

ಪೈಲೋರಿ ಹೋಗಿತ್ತು. ಆದರೆ ಮುಂದಿನ ಎಂಡೋಸ್ಕೋಪಿಯಲ್ಲಿ ಲಿಂಫೋಮಾ ಕಣಗಳು ಇನ್ನೂ ಇದ್ದವು. ನನ್ನ ಮಟ್ಟಿಗೆ ಕಷ್ಟದ ಹಂತ ಇದೇ. ಮಗ ಮತ್ತೆ ಕೀಮೋ ಮಾತೆತ್ತಿದರು. ಕಾಯಿಲೆ ಬೆಳೆಯದೆ ಇದ್ದರೆ ಒಂದು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ ಕಾಯಬಹುದು. ಕರಗದಿದ್ದರೆ ಕಡಿಮೆ ಡೋಸಿನ ರೇಡಿಯೇಷನ್ ಇದ್ದೇ ಇದೆ ಎಂದು ಒಪ್ಪಿಸಿದೆ. ಅದು ಬೇಕಾಗಲಿಲ್ಲ. ಆಮೇಲಿನ ಬಯಾಪ್ಸಿಯಲ್ಲಿ ಏನೂ ಉಳಿದಿರಲಿಲ್ಲ.

ಈಗಲೂ ಅವರನ್ನು ಎಂಡೋಸ್ಕೋಪಿಗೆ ಕರೆಸುತ್ತೇನೆ. ಲಿಂಫೋಮಾ ಮರಳಬಹುದು, ಜಠರದ ಮಾಮೂಲಿ ಕ್ಯಾನ್ಸರಿನ ಅಪಾಯವೂ ಇಂಥವರಿಗೆ ಬೇರೆಯವರಿಗಿಂತ ಜಾಸ್ತಿ.